ಒಂದು ಹಾಲಿನ ಪ್ಯಾಕೆಟ್ ಸಾಕು: 12 ನಿಮಿಷದ ಕೃತಜ್ಞತಾ ಧ್ಯಾನ

ದಿನವೂ ಕಣ್ಣು ಮುಚ್ಚಿ ‘ಅಪ್ಪ ಅಮ್ಮ, ಆರೋಗ್ಯ, ಕೆಲಸ, ದೇವರು’ ಎಂದು ಪಟ್ಟಿ ಒಪ್ಪಿಸಿದರೆ ಒತ್ತಡ ಇಳಿಯುವುದಿಲ್ಲ. ನಾಲ್ಕನೇ ದಿನಕ್ಕೇ ಅದು ಮಗ್ಗಿ ಹೇಳಿದ ಹಾಗಾಗುತ್ತದೆ. ಈ ಧ್ಯಾನದ ಶಕ್ತಿ ಇರುವುದು ವಿವರದಲ್ಲಿ. ಒಂದೇ ಸಣ್ಣ ಸಂಗತಿ ಹಿಡಿದು ಅದರ ಹಿಂದಿನ ಕೈಗಳನ್ನು ಒಂದೊಂದಾಗಿ ನೆನೆಯಬೇಕು. ಒತ್ತಡದಲ್ಲಿರುವ ಮನಸ್ಸು ಒಂದೇ ಚಿಂತೆಯ ಸುತ್ತ ಗಿರಕಿ ಹೊಡೆಯುತ್ತಿರುತ್ತದೆ. ಹುಡುಕುವ ಕೆಲಸ ಕೊಟ್ಟರೆ ಸ್ವಲ್ಪ ಹೊತ್ತಾದರೂ ಆ ಗಿರಕಿ ನಿಲ್ಲುತ್ತದೆ.

ಬೆಳಗ್ಗೆ ಮೊಬೈಲ್ ಮುಟ್ಟುವ ಮುಂಚೆ ಕೂರಿ. ಆಗದಿದ್ದರೆ ಸಂಜೆ ಕೈಕಾಲು ತೊಳೆದ ಮೇಲೆ, ಊಟಕ್ಕೆ ಮುಂಚೆ. ಉಂಡ ತಕ್ಷಣ ಕೂತರೆ ತೂಕಡಿಕೆ ಖಾತ್ರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವವರು ಕಂಬಳಿ ಮಡಿಚಿ 3–4 ಇಂಚು ಎತ್ತರ ಮಾಡಿಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಬಾಗಿ ಐದೇ ನಿಮಿಷಕ್ಕೆ ನೋಯತೊಡಗುತ್ತದೆ. ಮಂಡಿನೋವಿದ್ದರೆ ಕುರ್ಚಿಯೇ ಒಳ್ಳೆಯದು, ಪಾದ ಪೂರ್ತಿ ನೆಲಕ್ಕೆ ತಾಗಲಿ.

ಮೊದಲ 3 ನಿಮಿಷ ಬರೀ ಉಸಿರು. ಮೂಗಿನಿಂದ 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ. ಸೆಕೆಂಡಿಗೆ ಒಂದು ಎಣಿಕೆಯಂತೆ ನಿಮಿಷಕ್ಕೆ 6 ಉಸಿರು. ಉಸಿರು ಬಿಡುವಾಗ ಮೆದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಪ್ರಭಾವದಿಂದ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ. ಎದೆ ಉಬ್ಬಿಸಿ ಜೋರಾಗಿ ಎಳೆಯಬೇಡಿ. ತಲೆ ಸುತ್ತಿದರೆ, ಬೆರಳ ತುದಿ ಜುಮ್ಮೆಂದರೆ ಉಸಿರಾಟ ಅತಿಯಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಿದೆ ಎಂದರ್ಥ. ಎಣಿಕೆ ಬಿಟ್ಟು ಮಾಮೂಲಿ ಉಸಿರಾಡಿ. ಉಸಿರು ಕಟ್ಟುವುದಂತೂ ಇಲ್ಲಿ ಬೇಡವೇ ಬೇಡ.

ಮುಂದಿನ 6 ನಿಮಿಷವೇ ನಿಜವಾದ ಕೆಲಸ. ಕಳೆದ 24 ಗಂಟೆಯೊಳಗೆ ಸಿಕ್ಕ ಒಂದು ಸಂಗತಿ ಆರಿಸಿಕೊಳ್ಳಿ, ಸಣ್ಣದಾದಷ್ಟೂ ಒಳ್ಳೆಯದು. ಅದರ ಮುಂದೆ ಮೂರು ಪ್ರಶ್ನೆ ಇಡಿ: ನನಗೆ ಸಿಕ್ಕಿದ್ದೇನು? ಯಾರ ಯಾರ ಕೈಯಿಂದ ಬಂತು? ಅದಕ್ಕಾಗಿ ಅವರು ಏನು ಕಳೆದುಕೊಂಡರು, ನಿದ್ದೆಯೋ, ಹೊತ್ತೋ, ಮೈಕೈ ನೋವೋ?

ಬೆಳಗಿನ ಕಾಫಿಗೆ ಒಡೆದ ನಂದಿನಿ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಬೆಳಕು ಹರಿಯುವ ಮೊದಲೇ ಎದ್ದು ಕೆಚ್ಚಲು ತೊಳೆದು ಕರೆದವರು. ಕ್ಯಾನ್ ಹಿಡಿದು ಊರ ಡೈರಿ ಮುಂದೆ ಸರದಿಯಲ್ಲಿ ನಿಂತವರು. ಫ್ಯಾಟ್ ಅಳೆದು ಲೆಕ್ಕ ಬರೆದವರು. ಟ್ಯಾಂಕರ್ ಓಡಿಸಿದವರು. ಬೀದಿನಾಯಿಗಳ ನಡುವೆ ಕ್ರೇಟ್ ಇಳಿಸಿಕೊಂಡು ಬೂತ್ ಬಾಗಿಲು ತೆಗೆದವರು. ಒಬ್ಬೊಬ್ಬರ ಹತ್ತಿರ ಮೂರ್ನಾಲ್ಕು ಉಸಿರಿನಷ್ಟು ಹೊತ್ತು ನಿಲ್ಲಿ. ಮುಖ ಗೊತ್ತಿಲ್ಲದಿದ್ದರೆ ಕೈಗಳನ್ನು ಊಹಿಸಿಕೊಳ್ಳಿ. ಮನಸ್ಸು ಆಫೀಸಿಗೆ ಓಡಿದರೆ ಬೈದುಕೊಳ್ಳದೆ, ಎಲ್ಲಿ ಬಿಟ್ಟಿರೋ ಆ ಕೈಯಿಂದ ಮುಂದುವರಿಸಿ. (ಊಟವಾದ ಮೇಲೆ ‘ಅನ್ನದಾತಾ ಸುಖೀಭವ’ ಎನ್ನುವ ಅಭ್ಯಾಸವಿದ್ದ ಮನೆಯವರಿಗೆ ಇದು ಹೊಸತಲ್ಲ, ಒಂದು ಮಾತನ್ನು ಆರು ನಿಮಿಷಕ್ಕೆ ಹಿಗ್ಗಿಸಬೇಕು, ಅಷ್ಟೆ.)

ಕೊನೆಯ 3 ನಿಮಿಷದಲ್ಲಿ ಎರಡು ನಿಮಿಷ ಮೈಗೆ: ದವಡೆ, ಭುಜ, ಹೊಟ್ಟೆ ಬಿಗಿಯಾಗಿವೆಯೇ ನೋಡಿ ಸಡಿಲ ಬಿಡಿ. ಏನೂ ಅನ್ನಿಸದಿದ್ದರೂ ಪರವಾಗಿಲ್ಲ, ಕಣ್ಣು ತುಂಬಿ ಬರಲೇಬೇಕೆಂದಿಲ್ಲ. ಉಳಿದ ಒಂದು ನಿಮಿಷದಲ್ಲಿ ಇವತ್ತು ಯಾರಿಗೆ ಏನು ಹೇಳಬೇಕು ಎಂದು ನಿರ್ಧರಿಸಿ. ‘ಥ್ಯಾಂಕ್ಸ್’ ಸಾಲದು, ‘ಮಳೆಯಲ್ಲೂ ಹೊತ್ತಿಗೆ ಸರಿಯಾಗಿ ತಂದುಕೊಟ್ರಲ್ಲ’ ಎಂದು ಕೆಲಸವನ್ನೇ ಹೆಸರಿಸಿ.

ಕೂರುವುದು ದಿನವೂ ಆಗಲಿ, ನೆನೆದದ್ದನ್ನು ಬರೆದಿಡುವುದಾದರೆ ಅದು ಮಾತ್ರ ವಾರಕ್ಕೊಮ್ಮೆ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ ವಾರಕ್ಕೊಮ್ಮೆಯಂತೆ 10 ವಾರ, ಕೃತಜ್ಞತೆ ಮೂಡಿಸಿದ ಐದರವರೆಗೆ ಸಂಗತಿ ಬರೆದರು. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ತಮ್ಮ ಬದುಕು ಚೆನ್ನಾಗಿದೆ ಅನ್ನಿಸಿತ್ತು.

ಎಡವುವುದು ಹೆಚ್ಚಾಗಿ ಹೋಲಿಕೆಯಲ್ಲಿ. ‘ಅವರಿಗೆ ಅದೂ ಇಲ್ಲ, ನನಗೆ ಇಷ್ಟಾದರೂ ಇದೆ’ ಎನ್ನುವುದು ಕೃತಜ್ಞತೆಯಲ್ಲ. ಅದರ ಬೆನ್ನಿಗೇ ನನಗೂ ಹಾಗಾದರೆ ಎಂಬ ಭಯ ಬರುತ್ತದೆ. ಇನ್ನೊಂದು, ಹಂಗು. ನೆನೆದಾಗ ತೀರಿಸಬೇಕಾದ ಸಾಲದಂತೆ ಎದೆ ಭಾರವಾದರೆ ಆ ವ್ಯಕ್ತಿಯನ್ನು ಬಿಟ್ಟು ಮರದ ನೆರಳನ್ನೋ ತಣ್ಣನೆ ನೀರನ್ನೋ ಆರಿಸಿಕೊಳ್ಳಿ. ಕಾಡುವ ಮೇಲಧಿಕಾರಿಗೆ, ಹೊಡೆಯುವ ಗಂಡನಿಗೆ ಕೃತಜ್ಞರಾಗಿರಲು ಯತ್ನಿಸುವುದು ಶುದ್ಧ ತಪ್ಪು. ಅಲ್ಲಿ ಬೇಕಾದದ್ದು ಧ್ಯಾನವಲ್ಲ, ನೆರವು. ಕಣ್ಣು ಮುಚ್ಚಿದರೆ ಗಾಬರಿಯಾಗುವವರು ತೆರೆದೇ ಇಟ್ಟು ನೆಲದ ಒಂದು ಜಾಗ ನೋಡುತ್ತ ಕೂರಬಹುದು.

ಎರಡು ವಾರವಾದರೂ ನಿದ್ದೆ, ಹಸಿವು ಸರಿಹೋಗದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅದೇ ದಿನ, ಕಾಯದೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಶುಲ್ಕವಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.