‘ವಾಚ್’ ಪದದೊಂದಿಗೆ ನನ್ನ ಒಡನಾಟ

ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದಾಗ ‘ವಾಚ್’ ಎಂಬ ಪದಕ್ಕೆ ನಾನು ನಿಘಂಟು ತೆರೆಯುತ್ತಲೇ ಇರಲಿಲ್ಲ. ಕಂಡಲ್ಲೆಲ್ಲ ‘ನೋಡು’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಒಂದು ಕಥೆಯಲ್ಲಿ ಮಗಳೊಬ್ಬಳು ಕಾಯಿಲೆ ಬಿದ್ದ ತಂದೆಯ ಬಳಿ ರಾತ್ರಿಯಿಡೀ ‘ವಾಚ್’ ಮಾಡುತ್ತಾಳೆ. ‘ರಾತ್ರಿಯಿಡೀ ತಂದೆಯನ್ನು ನೋಡಿದಳು’ ಎಂದು ಬರೆದಿದ್ದೆ. ಕೆಲವು ದಿನ ಬಿಟ್ಟು ಓದಿದಾಗ ಆ ವಾಕ್ಯದಲ್ಲಿ ಮಗಳ ಆತಂಕವೂ ಇರಲಿಲ್ಲ, ಆರೈಕೆಯೂ ಇರಲಿಲ್ಲ.

ಆಗ ಪದದ ಮೂಲ ಹುಡುಕಿದೆ. ನಿದ್ದೆಯಿಂದ ಏಳುವುದಕ್ಕೆ ಹೇಳುವ ‘ವೇಕ್’ ಮತ್ತು ಈ ‘ವಾಚ್’ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ಎಚ್ಚರವಾಗಿರುವುದು. ನಮ್ಮ ‘ಎಚ್ಚರ’ವೂ ಹಾಗೆಯೇ ಅಲ್ಲವೇ? ನಿದ್ದೆ ತಿಳಿದದ್ದೂ ಎಚ್ಚರ, ಅಪಾಯ ಬಂದಾಗ ಕೂಗುವುದೂ ಎಚ್ಚರ. ‘ವಾಚ್ ಔಟ್’ ಎಂಬ ಕೂಗಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಮಗಳ ವಾಕ್ಯವನ್ನು ‘ತಂದೆಯ ಹಾಸಿಗೆಯ ಪಕ್ಕದಲ್ಲಿ ಇಡೀ ರಾತ್ರಿ ಎಚ್ಚರವಿದ್ದಳು’ ಎಂದು ತಿದ್ದಿದೆ. ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು’ ಎಂದು ಸೇರಿಸುವ ಆಸೆಯಿತ್ತು, ಆದರೆ ಆ ಮೌನದ ಕೋಣೆಗೆ ಅದು ಜೋರಾದ ಮಾತು.

‘ಸೀ’ ಎಂದರೆ ಕಣ್ಣಿಗೆ ಬೀಳುವುದು, ‘ಲುಕ್’ ಎಂದರೆ ಕಣ್ಣು ಹಾಯಿಸುವುದು. ‘ವಾಚ್’ನಲ್ಲಿ ಹೊತ್ತು ಸರಿಯುತ್ತದೆ: ಏನೋ ನಡೆಯುತ್ತಿದೆ ಅಥವಾ ನಡೆಯಬಹುದು, ಅದಕ್ಕಾಗಿ ಗಮನ ಹಿಡಿದಿಟ್ಟಿದ್ದೇವೆ. ಟಿವಿ, ಪಂದ್ಯಗಳಿಗೆ ‘ನೋಡು’ ಸಾಕು. ಮಕ್ಕಳನ್ನಾದರೆ ‘ನೋಡಿಕೊಳ್ಳು’, ಒಂದು ‘ಕೊಳ್ಳು’ ಸೇರಿದ್ದಕ್ಕೇ ಹೊಣೆ ಹೆಗಲಿಗೇರುತ್ತದೆ. ಮನೆಗೆ ‘ಕಾಯು’, ಶಂಕಿತನಿಗೆ ‘ಕಣ್ಣಿಡು’. ‘ವಾಚ್ ಯುವರ್ ಹೆಡ್’ ಎಂಬ ಫಲಕಕ್ಕೆ ‘ತಲೆ ಜೋಕೆ’ ಎಂದರೆ ಮುಗಿಯಿತು.

ಹಡಗಿನ ಕಥೆಯೊಂದು ನನ್ನನ್ನು ಬಹಳ ಕಾಡಿತು. ಅಲ್ಲಿ ‘ವಾಚ್’ ಎಂದರೆ ನಾವಿಕರ ಕಾವಲಿನ ಅವಧಿ. ‘ಜಾವ’ ಎಂದು ಬರೆದು ಹಿಗ್ಗಿದ್ದೆ. ಸಂಸ್ಕೃತದ ‘ಯಾಮ’ವೇ ನಮ್ಮ ಜಾವ, ರಾತ್ರಿ ಕಾವಲುಗಾರನಿಗೆ ‘ಯಾಮಿಕ’ ಎಂಬ ಹೆಸರೂ ಇದೆ. ಕಾಲ ಮತ್ತು ಕಾವಲು ಇಲ್ಲಿಯೂ ಜೊತೆಗಿವೆ. ಆದರೆ ಜಾವಕ್ಕೆ 3 ಗಂಟೆ, ಹಡಗಿನ ವಾಚ್‌ಗೆ ಸಾಮಾನ್ಯವಾಗಿ 4 ಗಂಟೆ. ಸಾಂಪ್ರದಾಯಿಕ ಕ್ರಮದಲ್ಲಿ ಸಂಜೆ 4ರಿಂದ 8ರವರೆಗಿನದನ್ನು ಮಾತ್ರ ಎರಡೆರಡು ಗಂಟೆಗಳಾಗಿ ಒಡೆಯುತ್ತಾರೆ. ಆಗ ದಿನಕ್ಕೆ ಒಟ್ಟು 7 ಪಾಳಿಗಳಾಗಿ, ಒಂದೇ ತಂಡಕ್ಕೆ ನಿತ್ಯ ಅದೇ ನಡುರಾತ್ರಿ ಬರುವುದು ತಪ್ಪುತ್ತದೆ. ಜಾವ ಎಂದಿದ್ದರೆ ಓದುಗರ ಲೆಕ್ಕವೆಲ್ಲ ಕೆಡುತ್ತಿತ್ತು. ಮನಸ್ಸಿಲ್ಲದಿದ್ದರೂ ಅದನ್ನು ಹೊಡೆದುಹಾಕಿ ‘ಕಾವಲು ಪಾಳಿ’ ಎಂದು ಬರೆದೆ.

ಅದೇ ಕಥೆಯ ಕೊನೆಯಲ್ಲಿ ನಾವಿಕನ ತಾಯಿ ಕಿಟಕಿಯ ಬಳಿ ಕುಳಿತು ಮಗನಿಗಾಗಿ ‘ವಾಚ್’ ಮಾಡುತ್ತಾಳೆ. ‘ಎಚ್ಚರವಿದ್ದಳು’ ಹೊಂದಲಿಲ್ಲ, ‘ಕಣ್ಣಿಟ್ಟಳು’ ಅನುಮಾನದಂತೆ ಕೇಳಿಸಿತು. ಎರಡು ದಿನ ಆ ಪುಟ ಹಾಗೆಯೇ ಉಳಿಯಿತು. ಮೂರನೆಯ ದಿನ, ನಾನು ದೂರವಿಟ್ಟಿದ್ದ ಹಳೆಯ ಪದವೇ ಮರಳಿ ಬಂತು: ‘ತಾಯಿ ಮಗನ ದಾರಿ ನೋಡುತ್ತಿದ್ದಳು.’