ಬ್ರೌಸರಿನಲ್ಲೇ ಓಡುವ ಕನ್ನಡದ ಲಿಸ್ಪ್: ಕ್ರಿಯಾಪದ ಕೊನೆಗೇ ಇರಲಿ

ಬಳ್ಳಾರಿ, ರಾಯಚೂರಿನ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಸ್ವಂತ ಪ್ರೋಗ್ರಾಮಿಂಗ್ ಭಾಷೆ ಮಾಡಲು ಹೋಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಆ ಜಾಗ ಮೂರನೇ ಹಂತದಲ್ಲಿದೆ.

ಲಿಸ್ಪ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವನ್ನೂ ಕಂಸದೊಳಗಿನ ಪಟ್ಟಿಯಾಗಿ ಬರೆಯುತ್ತಾರೆ, ಕ್ರಿಯೆ ಮೊದಲು ಬರುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಅಂಥದ್ದೇ ಭಾಷೆ ಮಾಡಿ, ಕ್ರಿಯೆಯನ್ನು ನಾವು ಕೊನೆಗೆ ಇಡೋಣ, ಕನ್ನಡದಲ್ಲಿ ಮಾತಾಡೋದೇ ಹಾಗೆ ಅಲ್ವಾ? ಗಂಗಾವತಿಯಲ್ಲಿ ಭತ್ತದ ರೇಟು ಹೇಳೋದು 75 ಕೆಜಿ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ಎರಡನ್ನೂ ಹೋಲಿಸಲು, ‘ದರ’ ಅಂದರೆ ಕ್ವಿಂಟಲ್ ಬೆಲೆ ಎಂದುಕೊಂಡು, ಹೀಗೆ ಬರೆದರಾಯಿತು:

((ದರ 100 ಭಾಗಿಸು) 75 ಗುಣಿಸು)

ಹಂತ 1: ಕಂಸಗಳ ಎರಡೂ ಬದಿ ಜಾಗ ಬಿಟ್ಟು, ಜಾಗ ಇದ್ದಲ್ಲೆಲ್ಲ ತುಂಡು ಮಾಡಿ. ರೆಗೆಕ್ಸಿನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಪದ ಹಿಡಿಯುವ ಸುಲಭ ಗುರುತು \w ಇಂಗ್ಲಿಷ್ ಅಕ್ಷರಕ್ಕೆ ಮಾತ್ರ, ಕನ್ನಡಕ್ಕೆ ಬಾರದು. ‘ಕೊ’ ಒಳಗೆ ಎರಡು ರೀತಿಯ ಸಂಕೇತಗಳಲ್ಲಿ ಇರಬಹುದು. ಹಾಗಾಗಿ ಮೊದಲೇ ನಾರ್ಮಲೈಸ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ರೀತಿಯ ಸಂಕೇತಕ್ಕೆ ತನ್ನಿ. ೭೫ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ನೀವೇ 75 ಮಾಡಿಕೊಡಬೇಕು. ಹಳೆಯ ನುಡಿ ಫಾಂಟಿನ ಕಡತದಿಂದ ಪೇಸ್ಟ್ ಮಾಡಲೇಬೇಡಿ, ಅದು ಯುನಿಕೋಡ್ ಅಲ್ಲ.

ಹಂತ 2: ಕಂಸಗಳಿರುವ ಹಾಗೇ ತುಂಡುಗಳನ್ನು ಒಂದರೊಳಗೊಂದು ಅರೇ, ಅಂದರೆ ಪಟ್ಟಿ, ಮಾಡಿ. ಇದಕ್ಕೆ ರೆಡಿಮೇಡ್ ಪಾರ್ಸರ್ (ಬರೆದದ್ದನ್ನು ಓದಿ ಜೋಡಿಸುವ) ಲೈಬ್ರರಿ ಹಾಕಿಕೊಳ್ಳುವುದು ಸುಮ್ನೆ ಭಾರ. ಇಪ್ಪತ್ತು ಸಾಲು ಸಾಕು.

ಹಂತ 3: ಲೆಕ್ಕ ಹಾಕುವ ಫಂಕ್ಷನ್, ಅಂದರೆ ಇವ್ಯಾಲ್. ಹೆಚ್ಚಿನವರು ಎಡದಿಂದ ಶುರು ಮಾಡಿ ಎಲ್ಲವನ್ನೂ ಲೆಕ್ಕ ಹಾಕಿ, ಕೊನೆಗೆ ಕ್ರಿಯೆ ಯಾವುದು ಎಂದು ನೋಡುತ್ತಾರೆ. ಕೂಡು, ಗುಣಿಸು ಇದ್ದರೆ ಎಲ್ಲ ಸರಿಯಾಗೇ ಕಾಣುತ್ತದೆ. ‘ಇದ್ರೆ’ ಷರತ್ತಿಗೆ, ‘ಕೆಲಸ’ ಫಂಕ್ಷನ್ ಮಾಡಲು, ‘ಇಡು’ ಹೆಸರಿಡಲು. ‘ಇಡು’, ‘ಕೆಲಸ’ ಎರಡನ್ನು ಹೇಗೋ ಬೇರೆಯಾಗಿ ನಿಭಾಯಿಸಿದ್ದೀರಿ ಎಂದುಕೊಳ್ಳಿ. ಇದನ್ನು ಕೊಟ್ಟು, (3 ತೂಕ) ಎಂದು ಕರೆದು ನೋಡಿ:

(ತೂಕ ((ಚೀಲ) ((ಚೀಲ 0 ಸಮ) 0 (75 ((ಚೀಲ 1 ಕಳೆ) ತೂಕ) ಕೂಡು) ಇದ್ರೆ) ಕೆಲಸ) ಇಡು)

ಚೀಲ 0 ಆದಾಗ ನಿಲ್ಲಬೇಕು. ಆದರೆ ‘ಇದ್ರೆ’ ಕಣ್ಣಿಗೆ ಬೀಳುವ ಮೊದಲೇ ಮೂರನೇ ತುಂಡನ್ನೂ ಲೆಕ್ಕಕ್ಕೆ ಹಿಡಿದಿರುತ್ತೀರಿ. ಚೀಲ −1, −2, −3 ಆಗುತ್ತಾ ಹೋಗಿ, ಕಾಲ್ ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬಿತು ಎಂದು ಕ್ರೋಮ್ ಕೈಚೆಲ್ಲುತ್ತದೆ. ಹುಡುಗರು ಆಗ ತೂಕದ ಫಂಕ್ಷನ್ನನ್ನೇ ತಿದ್ದುತ್ತಾ ಕೂರುತ್ತಾರೆ. ತಪ್ಪು ಅಲ್ಲಿಲ್ಲ.

ಪಟ್ಟಿ ಸಿಕ್ಕ ಕೂಡಲೇ ಬೇರೇನೂ ಮುಟ್ಟದೆ ಕೊನೆಯ ಪದ ನೋಡಿ. ‘ಇದ್ರೆ’ ಆಗಿದ್ದರೆ ಷರತ್ತನ್ನು ಮಾತ್ರ ಲೆಕ್ಕ ಹಾಕಿ, ಉತ್ತರ ನೋಡಿ ಎರಡರಲ್ಲಿ ಒಂದೇ ದಾರಿ ಹಿಡಿಯಿರಿ. ‘ಇಡು’ ಆಗಿದ್ದರೆ ಮೊದಲ ಪದ ಬರೀ ಹೆಸರು, ಅದರ ಮೌಲ್ಯ ಹುಡುಕಬಾರದು. ‘ಕೆಲಸ’ ಆಗಿದ್ದರೆ ಒಳಗಿನದನ್ನು ಹಾಗೇ ಎತ್ತಿಡಿ. ಈ ಮೂರೂ ಅಲ್ಲದಿದ್ದರೆ ಮಾತ್ರ ಎಡದಿಂದ ಎಲ್ಲವನ್ನೂ ಲೆಕ್ಕ ಹಾಕಿ.

ಕನ್ನಡ ಪದಗಳನ್ನು ಜಾವಾಸ್ಕ್ರಿಪ್ಟ್ ಪದಗಳಿಗೆ ಬದಲಿಸಿ ಬ್ರೌಸರಿನ ಸ್ವಂತ ಇವ್ಯಾಲಿಗೆ ಎಸೆಯುವ ಅಡ್ಡದಾರಿಯೂ ಇದೆ. ಬೇಡ. ಯಾರೋ ಟೈಪ್ ಮಾಡಿದ್ದೆಲ್ಲ ನಿಮ್ಮ ಪುಟದೊಳಗೆ ಓಡುತ್ತದೆ.

ಹಂತ 4: ಹೆಸರುಗಳನ್ನು, ಅವುಗಳ ಮೌಲ್ಯದ ಜೊತೆ, ಮ್ಯಾಪ್‌ನಲ್ಲಿಡಿ. ಪ್ರತಿ ಕರೆಗೂ ಹೊಸ ಮ್ಯಾಪ್ ಬೇಕು. ಅಲ್ಲಿ ಹೆಸರು ಸಿಗದಿದ್ದರೆ ಹುಡುಕುವ ತಾಯಿ ಮ್ಯಾಪ್ ‘ಕೆಲಸ’ ಹುಟ್ಟಿದ ಜಾಗದ್ದು, ಕರೆದ ಜಾಗದ್ದಲ್ಲ.

ಹಂತ 5: ಈಗ ಲಕ್ಷ ಚೀಲ ಕೊಡಿ. ಮತ್ತೆ ಸ್ಟ್ಯಾಕ್ ತುಂಬುತ್ತದೆ, ಈ ಸಲ ಕಾರಣ ಬೇರೆ. ಫಂಕ್ಷನ್ನಿನ ಕೊನೆಯ ಕೆಲಸವೇ ಇನ್ನೊಂದು ಕರೆಯಾಗಿದ್ದರೆ ಅದಕ್ಕೆ ಸ್ಟ್ಯಾಕಿನಲ್ಲಿ ಹೊಸ ಜಾಗ ಹಿಡಿಯಬಾರದೆಂದು 2015ರ ಜಾವಾಸ್ಕ್ರಿಪ್ಟ್ ನಿಯಮವೇ (ಸ್ಟ್ರಿಕ್ಟ್ ಮೋಡಿನಲ್ಲಿ) ಹೇಳಿದರೂ ಸಫಾರಿ ಮಾತ್ರ ಪಾಲಿಸುತ್ತದೆ, ಕ್ರೋಮ್, ಫೈರ್‌ಫಾಕ್ಸ್ ಪಾಲಿಸುವುದಿಲ್ಲ. ಆದ್ದರಿಂದ ಇವ್ಯಾಲನ್ನು ವೈಲ್ ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ಸುತ್ತುವ ಕೋಡಿನೊಳಗೆ, ಬರೆಯಿರಿ. ‘ಇದ್ರೆ’ ದಾರಿ ಆರಿಸಿದ ಮೇಲೆ, ಕೆಲಸದ ಒಳಗೆ ಹೊಕ್ಕ ಮೇಲೆ, ಇವ್ಯಾಲನ್ನು ಮತ್ತೆ ಕರೆಯದೆ ಪಟ್ಟಿಯನ್ನೂ ಮ್ಯಾಪನ್ನೂ ಬದಲಿಸಿ ಲೂಪಿನ ತಲೆಗೆ ಹೋಗಿ. ಜೊತೆಗೆ ತೂಕಕ್ಕೆ ‘ಮೊತ್ತ’ ಎಂಬ ಎರಡನೇ ಪದ ಸೇರಿಸಿ, 75 ಕೂಡುವುದನ್ನು ಕರೆಯುವ ಮುಂಚೆಯೇ ಮುಗಿಸಿ. ಕೂಡುವುದು ಬಾಕಿ ಉಳಿದರೆ ಲೂಪಿದ್ದರೂ ಪ್ರಯೋಜನವಿಲ್ಲ.