ಬೈಪಾಸ್ ಆದವರ ಮನೆಯಲ್ಲಿ ತೂಕದ ಲೆಕ್ಕ: ನನ್ನ ಅನುಭವ

ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿ ಮನೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಮುಗಿಸಿಕೊಂಡು ಬಂದವರ ಆರೈಕೆಗೆ ಹೋಗಲು ತೊಡಗಿ ಏಳೆಂಟು ವರ್ಷಗಳಾದವು. ಮೈಯಲ್ಲಿ ನೀರು ನಿಂತರೆ ತೂಕದಲ್ಲಿ ಬೇಗ ತಿಳಿಯುತ್ತದೆಂದು ದಿನದಿನದ ತೂಕವನ್ನು ಕ್ಯಾಲೆಂಡರಿನಲ್ಲಿ ಬರೆಸುವ ನನ್ನ ಕ್ರಮವನ್ನು ಜೊತೆಯ ನರ್ಸ್‌ಗಳೇ 'ಅಡಿಕೆ ಮಂಡಿ ಲೆಕ್ಕ' ಎಂದು ನಗುತ್ತಿದ್ದರು. ಈ ಮಳೆಗಾಲದಲ್ಲಿ ಅವರಲ್ಲಿ ಇಬ್ಬರು ಅದೇ ಲೆಕ್ಕವನ್ನು ನನ್ನಿಂದ ಕೇಳಿ ಕಲಿತರು.

ಮೊದಲೆಲ್ಲ ನಾನು ಲಕ್ಷಣಗಳನ್ನು ನೇರವಾಗಿ ಕೇಳಿ ಮೋಸಹೋಗುತ್ತಿದ್ದೆ. ನಮ್ಮ ಕಡೆಯ ಹಿರಿಯರು ಉಬ್ಬಸಪಡುತ್ತಲೇ 'ಎಂಥದೂ ಇಲ್ಲ ಮಾರಾಯ್ತಿ' ಎನ್ನುವವರು. ಈಗ 'ರಾತ್ರಿ ಎಷ್ಟು ದಿಂಬು ಇಟ್ಕೊಂಡ್ರಿ?' ಎಂದಷ್ಟೇ ಕೇಳುತ್ತೇನೆ. ಒಂದಿದ್ದದ್ದು ಮೂರಾಗಿದ್ದರೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಿದೆ ಎಂದು ತಿಳಿಯುತ್ತದೆ. ಬಾಯಿ ಬಿಡಿಸುವ ಇನ್ನೊಂದು ಉಪಾಯವೂ ಇದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಸುಮಾರು 900 ರೂಪಾಯಿ ಕೊಟ್ಟ ಮೊದಲ ತೂಕದ ಯಂತ್ರವು ಏರುಪೇರಾದ ಮಣ್ಣಿನ ನೆಲದಲ್ಲಿ ಒಂದೇ ಬೆಳಿಗ್ಗೆ ಎರಡು ಕೆಜಿ ಹೆಚ್ಚುಕಡಿಮೆ ತೋರಿಸಿತು. ಅದನ್ನು ನಂಬಿ ಒಬ್ಬರನ್ನು ಬಾಡಿಗೆ ಕಾರಿನಲ್ಲಿ ಶಿವಮೊಗ್ಗಕ್ಕೆ ಕಳಿಸಿ, ಬೈಸಿಕೊಂಡು, 3,000 ರೂಪಾಯಿ ಬಾಡಿಗೆಯಲ್ಲಿ ಅರ್ಧ ನಾನೇ ತೆತ್ತೆ. ಅಲ್ಲಿಂದೀಚೆಗೆ ಯಂತ್ರದಡಿ ಹಲಸಿನ ಹಲಗೆಯಿಡುತ್ತೇನೆ. ಮೂತ್ರಕ್ಕೆ ಹೋಗಿಬಂದು, ಕಾಫಿಗೆ ಮೊದಲು, ಪಂಚೆಯೊಂದರಲ್ಲೇ ಹತ್ತಬೇಕು. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಕೂಡ ಆಷಾಢದ ಚಳಿಗೆ 86 ತೋರಿಸಿ ಮನೆಮಂದಿಯನ್ನೆಲ್ಲ ಅಳಿಸಿದೆ. ಬಚ್ಚಲೊಲೆಯ ಮುಂದೆ ಬೆರಳು ಕಾಯಿಸಿ ಮತ್ತೆ ಹಾಕಿದಾಗ 96 ಬಂತು. ಕೆಮ್ಮುವಾಗ ಆಪರೇಷನ್ನಿಗೆ ಸೀಳಿದ ಎದೆಗೆ ಅವಚಿಕೊಳ್ಳಲು ಬೂರುಗದ ಹತ್ತಿಯ ದಿಂಬು ತೀರ ಮೆತ್ತಗಾಯಿತು, ಬಿಗಿಯಾಗಿ ಮಡಿಸಿದ ಕಂಬಳಿಯೇ ಮೇಲು.

ಈ ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದಿದ್ದ ಒಬ್ಬರ ತೂಕ ಎರಡೇ ದಿನದಲ್ಲಿ 61.5ರಿಂದ 63.6ಕ್ಕೆ ಏರಿತು. ಉಸಿರಾಟದ ತೊಂದರೆ ಇನ್ನೂ ಕಾಣಿಸಿರಲಿಲ್ಲ. 'ಮೈ ಹಿಡೀತಿದ್ದಾರೆ, ಒಳ್ಳೇದಲ್ವಾ' ಎಂದರು ಮಗ. ಬೈಪಾಸಿಗೆಂದು ರಕ್ತನಾಳ ತೆಗೆದ ಎಡಗಾಲು ಊದುವುದು ನಮಗೆಲ್ಲ ಗೊತ್ತಿರುವುದೇ; ಆದರೆ ಒತ್ತಿದರೆ ಬಲಗಾಲಿನಲ್ಲೂ ಬೆರಳಿನ ಗುಳಿ ಉಳಿಯುತ್ತಿತ್ತು. ದಿನಕ್ಕೆ ಒಂದು ಕೆಜಿ ಏರಿದರೂ ನಾನು ಕಾಯುವುದಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ವೈದ್ಯರಿಗೆ ಫೋನ್ ಮಾಡಿದೆ; ಅವರು ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ ಹೆಚ್ಚಿಸಿ ಮರುದಿನವೇ ರಕ್ತಪರೀಕ್ಷೆ ಮಾಡಿಸಿದರು. ನಾಲ್ಕು ದಿನಕ್ಕೆ ತೂಕ 61.8ಕ್ಕೆ ಇಳಿಯಿತು.

ಆಪರೇಷನ್ ನಂತರ ಬಾಯಿ ಕೆಟ್ಟಿದ್ದರಿಂದ ಅವರು ಎರಡು ಹೊತ್ತೂ ಗಂಜಿಗೆ ಅಪ್ಪೆಮಿಡಿಯ ಉಪ್ಪುನೀರು ಸುರಿದುಕೊಳ್ಳುತ್ತಿದ್ದರಂತೆ. ಉಪ್ಪು ಹೆಚ್ಚಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಭರಣಿಯನ್ನು ಅಟ್ಟಕ್ಕೇರಿಸಿದೆವು. ಹನ್ನೆರಡನೆಯ ದಿನ ತೂಕ ಮತ್ತೆ 800 ಗ್ರಾಂ ಏರಿದಾಗ, ಎದೆಮೂಳೆ ಇನ್ನೂ ಕೂಡದ ಆ ಮನುಷ್ಯ ತಾವೇ ಏಣಿ ಹತ್ತಿದರೋ ಅಥವಾ ಹೆಂಡತಿ ಇಳಿಸಿಕೊಟ್ಟರೋ ಎಂಬುದನ್ನು ಆ ಮನೆಯಲ್ಲಿ ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ.